ಲೇಬಲ್ಲಿನಲ್ಲಿ 9 ವೋಲ್ಟ್, ಮೀಟರಿನಲ್ಲಿ 14: ಅಡಾಪ್ಟರುಗಳ ಕುರಿತು ಓದುಗರ ಪ್ರಶ್ನೆಗಳು

ಗೋಡೆಯ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸುವ, ಕೈಗೆ ಭಾರವೆನಿಸುವ ಹಳೆಯ ಬಗೆಯ ಅಡಾಪ್ಟರುಗಳ ಬಗ್ಗೆ ಈ ಸಲ ಹಲವು ಪತ್ರಗಳು ಬಂದಿವೆ. ಬ್ಯಾಟರಿ ಎಲಿಮಿನೇಟರ್ ಎಂದು ಕೆಲವರು ಕರೆಯುವುದೂ ಇವುಗಳನ್ನೇ. ಪತ್ರಗಳ ಮೂಲದಲ್ಲಿರುವ ಗೊಂದಲ ಒಂದೇ ಆಗಿರುವುದರಿಂದ ಮೊದಲ ಪ್ರಶ್ನೆಗೆ ವಿವರವಾಗಿ ಉತ್ತರಿಸಿ, ಉಳಿದವುಗಳನ್ನು ಅದರ ಆಧಾರದ ಮೇಲೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಬಳಿಯಿರುವ ಅಡಾಪ್ಟರಿನ ಮೇಲೆ ‘ಇನ್‌ಪುಟ್ 230 ವೋಲ್ಟ್ ಎ.ಸಿ., ಔಟ್‌ಪುಟ್ 9 ವೋಲ್ಟ್ ಡಿ.ಸಿ., 500 ಮಿಲಿಆಂಪಿಯರ್’ ಎಂದಿದೆ. ರೇಡಿಯೊಗೆ ಜೋಡಿಸುವ ಮುನ್ನ ಮಲ್ಟಿಮೀಟರಿನಿಂದ ಅಳೆದಾಗ 14.1 ವೋಲ್ಟ್ ಬಂತು. ರೇಡಿಯೊ ಜೋಡಿಸಿದ ಮೇಲೆ 13 ವೋಲ್ಟಿಗೆ ಇಳಿಯಿತು. ಹೊಸ ಬ್ಯಾಟರಿಯನ್ನು ಅಳೆದು ಮೀಟರ್ ಸರಿಯಿದೆಯೆಂದು ಖಚಿತಪಡಿಸಿಕೊಂಡಿದ್ದೇನೆ. ಅಡಾಪ್ಟರ್ ಕೆಟ್ಟಿದೆಯೇ? ಇದರಿಂದ ರೇಡಿಯೊ ಹಾಳಾಗುವುದೇ?

ಉತ್ತರ: ಅಡಾಪ್ಟರ್ ಕೆಟ್ಟಿಲ್ಲ. ಅದರ ಲೇಬಲ್ಲಿನಲ್ಲಿರುವ ಎರಡು ಸಂಖ್ಯೆಗಳನ್ನು ನಾವು ಬೇರೆಬೇರೆಯಾಗಿ ಓದುತ್ತೇವೆ, ತೊಂದರೆ ಅಲ್ಲಿಯೇ ಆರಂಭವಾಗುತ್ತದೆ. ‘9 ವೋಲ್ಟ್’ ಮತ್ತು ‘500 ಮಿಲಿಆಂಪಿಯರ್’ ಎಂಬುವು ಒಟ್ಟಾಗಿ ಒಂದೇ ಮಾತನ್ನು ಹೇಳುತ್ತವೆ: ಮೈನ್ಸ್ (ಗೋಡೆಯ ಸಾಕೆಟ್ಟಿನ ವಿದ್ಯುತ್) 230 ವೋಲ್ಟ್ ಇದ್ದು, ಅಡಾಪ್ಟರಿನಿಂದ ಸರಿಯಾಗಿ 500 ಮಿಲಿಆಂಪಿಯರ್ ಕರೆಂಟನ್ನು ಎಳೆಯುತ್ತಿರುವಾಗ ಅದರ ತುದಿಯಲ್ಲಿ ಸುಮಾರು 9 ವೋಲ್ಟ್ ಸಿಗುತ್ತದೆ. ಅದಕ್ಕಿಂತ ಕಡಿಮೆ ಕರೆಂಟ್ ಎಳೆದರೆ ವೋಲ್ಟೇಜ್ ಏರುತ್ತದೆ, ಏನನ್ನೂ ಎಳೆಯದಿದ್ದರೆ ಗರಿಷ್ಠಕ್ಕೆ ಹೋಗಿ ನಿಲ್ಲುತ್ತದೆ. ಮಲ್ಟಿಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು ಅಲ್ಪವಾದ್ದರಿಂದ ನೀವು ಕಂಡದ್ದು ಆ ಗರಿಷ್ಠ ಮಟ್ಟವನ್ನು.

ಹೀಗಾಗುವುದಕ್ಕೆ ಕಾರಣ ಅಡಾಪ್ಟರಿನ ಒಳಗಿನ ರಚನೆಯಲ್ಲಿದೆ. ಅದರಲ್ಲಿ ಕಬ್ಬಿಣದ ತಿರುಳಿನ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್, ಎ.ಸಿ.ಯನ್ನು ಡಿ.ಸಿ.ಯಾಗಿಸುವ ನಾಲ್ಕು ಡಯೋಡುಗಳ ಒಂದು ಬ್ರಿಡ್ಜ್ ಮತ್ತು ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಒಂದು ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ಮಾತ್ರ ಇರುತ್ತವೆ. ಔಟ್‌ಪುಟ್ ವೋಲ್ಟೇಜ್ ಎಷ್ಟಿದೆಯೆಂದು ಗಮನಿಸಿ ಅದನ್ನು ಹಿಡಿದಿಡುವ ಯಾವ ಭಾಗವೂ ಅಲ್ಲಿಲ್ಲ.

ಮೊದಲು ಕೆಪಾಸಿಟರನ್ನು ನೋಡೋಣ. ಎ.ಸಿ. ವೋಲ್ಟೇಜನ್ನು ನಾವು ಸಾಮಾನ್ಯವಾಗಿ ಅದರ ಆರ್‌.ಎಂ.ಎಸ್. ಮೌಲ್ಯದಿಂದ (ಅಷ್ಟೇ ಶಾಖ ಕೊಡುವ ಡಿ.ಸಿ. ವೋಲ್ಟೇಜಿಗೆ ಸಮನಾದ ಅಂಕಿ) ಹೇಳುತ್ತೇವೆ. ಅಲೆಯ ತುದಿ ಮಾತ್ರ ಅದರ 1.414 ಪಟ್ಟು ಎತ್ತರದಲ್ಲಿರುತ್ತದೆ. ಲೋಡ್ (ಕರೆಂಟ್ ಎಳೆಯುವ ಉಪಕರಣ) ಇಲ್ಲದಿರುವಾಗ ಕೆಪಾಸಿಟರ್ ಈ ತುದಿಯವರೆಗೂ ತುಂಬಿಕೊಳ್ಳುತ್ತದೆ ಮತ್ತು ಅದನ್ನು ಖಾಲಿ ಮಾಡುವವರು ಯಾರೂ ಇಲ್ಲದ್ದರಿಂದ ಅಲ್ಲೇ ಉಳಿಯುತ್ತದೆ. ನಿಮ್ಮ ಅಡಾಪ್ಟರಿನ ಲೆಕ್ಕವನ್ನು ಹಿಂದಿನಿಂದ ಮಾಡಿ ನೋಡಬಹುದು. ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆಯಿರುವಾಗ ಬ್ರಿಡ್ಜಿನಲ್ಲಿ ಕರೆಂಟ್ ಒಮ್ಮೆಗೆ ದಾಟುವ ಎರಡು ಡಯೋಡುಗಳಲ್ಲಿ ಒಟ್ಟು ಸುಮಾರು 1.1 ವೋಲ್ಟ್ ಕಳೆಯುತ್ತದೆ. ಅದನ್ನು 14.1ಕ್ಕೆ ಸೇರಿಸಿದರೆ ಅಲೆಯ ತುದಿ 15.2 ವೋಲ್ಟ್; ಇದನ್ನು 1.414ರಿಂದ ಭಾಗಿಸಿದರೆ ತಿಳಿಯುವಂತೆ, ಟ್ರಾನ್ಸ್‌ಫಾರ್ಮರಿನ ಎರಡನೆಯ ಸುರುಳಿಯಲ್ಲಿ ಲೋಡ್ ಇಲ್ಲದಾಗ ಸುಮಾರು 10.7 ವೋಲ್ಟ್ ಎ.ಸಿ. ಇದೆ.

ಇನ್ನು ಟ್ರಾನ್ಸ್‌ಫಾರ್ಮರ್. ಇಷ್ಟು ಚಿಕ್ಕ ಟ್ರಾನ್ಸ್‌ಫಾರ್ಮರಿನಲ್ಲಿ ಕೂದಲೆಳೆಯಂಥ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಆ ತಂತಿಗೆ ಗಣನೀಯ ರೋಧವಿರುವುದರಿಂದ ಕರೆಂಟ್ ಹರಿದಂತೆಲ್ಲ ವೋಲ್ಟೇಜಿನ ಒಂದು ಪಾಲು ಸುರುಳಿಯೊಳಗೇ ಬಿಸಿಯಾಗಿ ಕಳೆದುಹೋಗುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ಈ ಇಳಿತ ಶೇಕಡ 5ರಿಂದ 10ರಷ್ಟಿದ್ದರೆ, ಕೆಲವೇ ವ್ಯಾಟಿನವುಗಳಲ್ಲಿ ಶೇಕಡ 20ರಿಂದ 30ರವರೆಗೂ ಇರುವುದು ಸಾಮಾನ್ಯ. ಪೂರ್ಣ ಲೋಡಿನಲ್ಲಿ 9 ವೋಲ್ಟ್ ಉಳಿಯಬೇಕೆಂದರೆ ತಯಾರಕರು ಈ ಇಳಿತವನ್ನು ಮೊದಲೇ ಲೆಕ್ಕ ಹಾಕಿ, ಖಾಲಿ (ಏನನ್ನೂ ಜೋಡಿಸದೆ) ಇರುವಾಗಿನ ವೋಲ್ಟೇಜನ್ನು ಅಷ್ಟು ಹೆಚ್ಚಿಗೆ ಇಡಲೇಬೇಕಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ, ಆದರೆ ಸಾಮಾನ್ಯವಾಗಿ ಯಾರೂ ವಿವರಿಸದ ಇನ್ನೊಂದು ಕಾರಣವಿದೆ. ಕೆಪಾಸಿಟರ್ ತುಂಬಿರುವಷ್ಟು ಹೊತ್ತು ಡಯೋಡುಗಳು ಮುಚ್ಚಿಕೊಂಡಿರುತ್ತವೆ. ಅಲೆಯ ತುದಿಯು ಕೆಪಾಸಿಟರಿನ ವೋಲ್ಟೇಜನ್ನು ಮೀರುವ ಕೆಲವೇ ಮಿಲಿಸೆಕೆಂಡುಗಳಲ್ಲಿ ಮಾತ್ರ ಅವು ತೆರೆದು, ರೇಡಿಯೊ ಇಡೀ ಅವಧಿಯಲ್ಲಿ ಬಳಸಿದ ವಿದ್ಯುತ್ತನ್ನೆಲ್ಲ ಆ ಚಿಕ್ಕ ಸಂದಿಯಲ್ಲೇ ಟ್ರಾನ್ಸ್‌ಫಾರ್ಮರಿನಿಂದ ಎಳೆದುಕೊಳ್ಳುತ್ತವೆ. ಆದ್ದರಿಂದ ಹೊರಗೆ 500 ಮಿಲಿಆಂಪಿಯರ್ ಸಮನಾಗಿ ಹರಿಯುತ್ತಿದ್ದರೂ ಸುರುಳಿಯಲ್ಲಿ ಹರಿಯುವುದು ಅದರ ಹಲವು ಪಟ್ಟು ಎತ್ತರದ ಚಿಕ್ಕ ಚಿಕ್ಕ ಮಿಡಿತಗಳು. ಆ ಮಿಡಿತದ ಕ್ಷಣದಲ್ಲಿ ಸುರುಳಿಯ ರೋಧ ಕಳೆಯುವ ವೋಲ್ಟೇಜ್ ಕೂಡ ಅದೇ ಪ್ರಮಾಣದಲ್ಲಿ ಹೆಚ್ಚಾಗಿರುತ್ತದೆ. ಅಲೆಯ ತುದಿಯನ್ನೇ ಕತ್ತರಿಸಿದಂತಾಗುವುದರಿಂದ ಔಟ್‌ಪುಟ್, ಸುರುಳಿಯ ರೋಧವನ್ನು ಮಾತ್ರ ನೋಡಿ ನಾವು ಊಹಿಸುವುದಕ್ಕಿಂತ ಹೆಚ್ಚಾಗಿ ಕುಸಿಯುತ್ತದೆ.

ಇದನ್ನು ಸ್ವತಃ ಪರೀಕ್ಷಿಸಿ ನೋಡುವಂತೆ ನಿಮ್ಮನ್ನು ಒತ್ತಾಯಿಸುತ್ತೇನೆ, ಏಕೆಂದರೆ ಒಮ್ಮೆ ಕಣ್ಣಾರೆ ಕಂಡರೆ ಈ ವಿಷಯ ಮತ್ತೆ ಮರೆಯುವುದಿಲ್ಲ. ಲೇಬಲ್ಲಿನ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಪೂರ್ಣ ಲೋಡಿಗೆ ಬೇಕಾದ ರೆಸಿಸ್ಟರ್ ಸಿಗುತ್ತದೆ: 9 ಭಾಗಿಸು 0.5, ಅಂದರೆ 18 ಓಮ್. ಅದು 4.5 ವ್ಯಾಟ್ ಶಾಖವನ್ನು ಹೊರಹಾಕಬೇಕಾದ್ದರಿಂದ 10 ವ್ಯಾಟಿನ ತಂತಿ ಸುತ್ತಿದ ರೆಸಿಸ್ಟರನ್ನೇ ಬಳಸಬೇಕು. ಅದನ್ನು ಕೈಯಿಂದ ಮುಟ್ಟಬಾರದು, ಪ್ಲಾಸ್ಟಿಕ್ ಅಥವಾ ಬಟ್ಟೆಯ ಮೇಲೆ ಇಡಬಾರದು. ಮೊದಲು 100 ಓಮ್, ಆಮೇಲೆ 39 ಓಮ್, ಕೊನೆಗೆ 18 ಓಮ್ ಜೋಡಿಸುತ್ತ ಪ್ರತಿ ಬಾರಿಯೂ ವೋಲ್ಟೇಜನ್ನು ಬರೆದುಕೊಂಡರೆ, ನಿಮ್ಮಂಥ ಅಡಾಪ್ಟರಿನಲ್ಲಿ ಅದು 14.1ರಿಂದ ಸುಮಾರು 12.6ಕ್ಕೆ, ಅಲ್ಲಿಂದ 11ರ ಆಸುಪಾಸಿಗೆ, ಕೊನೆಗೆ 9ಕ್ಕೆ ಇಳಿಯುವುದನ್ನು ನಿರೀಕ್ಷಿಸಬಹುದು. ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಗುರುತಿಸಿ ಗೆರೆ ಎಳೆದರೆ, ಯಾವ ಉಪಕರಣಕ್ಕೆ ಎಷ್ಟು ವೋಲ್ಟೇಜ್ ಸಿಗುತ್ತದೆಂದು ಜೋಡಿಸುವ ಮೊದಲೇ ಹೇಳಬಹುದು. ನಿಮ್ಮ ರೇಡಿಯೊ 13 ವೋಲ್ಟ್ ತೋರಿಸಿದೆ ಎಂದರೆ ಅದು ಹೆಚ್ಚೆಂದರೆ 100 ಮಿಲಿಆಂಪಿಯರಿನಷ್ಟು ಎಳೆಯುತ್ತಿದೆ ಎಂದು ಆ ಗೆರೆಯೇ ತಿಳಿಸುತ್ತದೆ.

ಈಗ ರೇಡಿಯೊದ ಮಾತು. ಆ ಅಡಾಪ್ಟರ್ ರೇಡಿಯೊದ ಜೊತೆಗೇ ಬಂದದ್ದಾದರೆ ಚಿಂತೆ ಬೇಡ. ಹೀಗೆ ವೋಲ್ಟೇಜ್ ಏರುತ್ತದೆಂದು ತಿಳಿದೇ ತಯಾರಕರು ಒಳಗಿನ ಕೆಪಾಸಿಟರುಗಳನ್ನೂ ಐ.ಸಿ. ಚಿಪ್ಪುಗಳನ್ನೂ ಆರಿಸಿರುತ್ತಾರೆ. ಬೇರೆಡೆಯಿಂದ ತಂದು ಜೋಡಿಸಿದ್ದಾದರೆ ಅದನ್ನು ಮುಂದುವರಿಸುವುದು ನನಗೆ ಸರಿಕಾಣುವುದಿಲ್ಲ. ಆರು ಸೆಲ್ಲುಗಳಿಂದ ನಡೆಯುವ ರೇಡಿಯೊಗೆ ಹೊಚ್ಚ ಹೊಸ ಸೆಲ್ಲುಗಳು ಹೆಚ್ಚೆಂದರೆ 9.6 ವೋಲ್ಟಿನಷ್ಟು ಕೊಡುತ್ತವೆ, ನೀವು ಕೊಡುತ್ತಿರುವುದು 13. ಚಿಕ್ಕ ಧ್ವನಿವರ್ಧಕಗಳಲ್ಲಿ ಬಹಳವಾಗಿ ಬಳಕೆಯಾಗುವ ಎಲ್‌ಎಂ386 ಐ.ಸಿ.ಯನ್ನು ಉದಾಹರಣೆಗೆ ತೆಗೆದುಕೊಂಡರೆ, ಅದರ ಸಾಮಾನ್ಯ ಮಾದರಿಗೆ 4ರಿಂದ 12 ವೋಲ್ಟ್ ಕೆಲಸದ ವ್ಯಾಪ್ತಿ, 15 ವೋಲ್ಟ್ ಎಂದೂ ದಾಟಬಾರದ ಮಿತಿ. ಖಾಲಿ ಇರುವಾಗ ನಿಮ್ಮ ಅಡಾಪ್ಟರಿನಲ್ಲಿರುವುದು 14.1. ಮೈನ್ಸ್ ವೋಲ್ಟೇಜ್ 230ಕ್ಕೆ ಶೇಕಡ 10ರಷ್ಟು ಹೆಚ್ಚುಕಡಿಮೆಯಾಗುವುದನ್ನು ಅಂತಾರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಅದು 253ಕ್ಕೆ ಏರಿದ ಹೊತ್ತಿನಲ್ಲಿ ಇಲ್ಲಿಯ 14.1 ಕೂಡ ಹಿಂದೆಯೇ ಏರಿ 15.6 ಆಗುತ್ತದೆ. ರೇಡಿಯೊ ಇಂದು ಚೆನ್ನಾಗಿ ಹಾಡುತ್ತಿದೆ ಎಂಬುದು ನಾಳೆಗೂ ಭರವಸೆಯಲ್ಲ.

ಪ್ರಶ್ನೆ: ನನ್ನ ಉಪಕರಣದ ‘12 ವೋಲ್ಟ್, 300 ಮಿಲಿಆಂಪಿಯರ್’ ಅಡಾಪ್ಟರ್ ಸತ್ತುಹೋಗಿದೆ. ಮನೆಯಲ್ಲಿ ‘12 ವೋಲ್ಟ್, 1 ಆಂಪಿಯರ್’ ಅಡಾಪ್ಟರ್ ಇದೆ. ವೋಲ್ಟ್ ಒಂದೇ ಇದ್ದು ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ?

ಉತ್ತರ: ಅಡಾಪ್ಟರ್ ರೆಗ್ಯುಲೇಟೆಡ್ ಆಗಿದ್ದರೆ, ಅಂದರೆ ವೋಲ್ಟೇಜನ್ನು ಸ್ಥಿರವಾಗಿ ಹಿಡಿದಿಡುವ ರೆಗ್ಯುಲೇಟರ್ ಒಳಗಿದ್ದರೆ, ಅದು ಪೂರ್ಣ ನಿಜ. ಉಪಕರಣ ತನಗೆ ಬೇಕಾದಷ್ಟು ಕರೆಂಟನ್ನು ಮಾತ್ರ ಎಳೆದುಕೊಳ್ಳುತ್ತದೆ, ಅಡಾಪ್ಟರ್ ಅದರೊಳಗೆ ಕರೆಂಟನ್ನು ತುರುಕುವುದಿಲ್ಲ.

ಆದರೆ ರೆಗ್ಯುಲೇಟರ್ ಇಲ್ಲದ ಅಡಾಪ್ಟರಿಗೆ ಈ ಸಲಹೆಯನ್ನು ಹಾಗೆಯೇ ಅನ್ವಯಿಸುವುದು ಅಪಾಯಕಾರಿ. ಇದು ಇಷ್ಟು ವ್ಯಾಪಕವಾಗಿ ಹರಡಿರುವುದರಿಂದ ಸ್ಪಷ್ಟವಾಗಿಯೇ ಹೇಳುತ್ತಿದ್ದೇನೆ. 1 ಆಂಪಿಯರಿನ ಅಡಾಪ್ಟರಿಗೆ 12 ವೋಲ್ಟ್ ಎಂಬ ಅಂಕಿ ಅನ್ವಯಿಸುವುದು 1 ಆಂಪಿಯರಿನಲ್ಲಿ. ಅದರಿಂದ ನೀವು ಎಳೆಯುವುದು 300 ಮಿಲಿಆಂಪಿಯರ್ ಮಾತ್ರವಾದರೆ ಅದು ತನ್ನ ಖಾಲಿ ವೋಲ್ಟೇಜಿನ ಕಡೆಗೇ ವಾಲಿರುತ್ತದೆ. ಉಪಕರಣಕ್ಕೆ 14ರಿಂದ 15 ವೋಲ್ಟ್ ಸಿಗುವುದು ಸಹಜ. ಹಳೆಯ ಅಡಾಪ್ಟರ್ ಅದೇ 300 ಮಿಲಿಆಂಪಿಯರಿನಲ್ಲಿ ಪೂರ್ಣ ಲೋಡಿನ ಕೆಳಗೆ ದುಡಿಯುತ್ತ 12 ವೋಲ್ಟಿಗೆ ಇಳಿದಿರುತ್ತಿತ್ತು. ಕೆಲವು ಸರಳ ಉಪಕರಣಗಳ ವಿನ್ಯಾಸಕಾರರು ಈ ಇಳಿತವನ್ನೇ ನಂಬಿ ಒಳಗೆ ರೆಗ್ಯುಲೇಟರ್ ಹಾಕುವುದನ್ನು ಬಿಟ್ಟಿರುತ್ತಾರೆ. ಅಂಥವುಗಳಿಗೆ ದೊಡ್ಡ ಅಡಾಪ್ಟರ್ ಕೊಟ್ಟರೆ ವೋಲ್ಟೇಜ್ ತಡೆಯುವವರು ಯಾರೂ ಇರುವುದಿಲ್ಲ.

ಸ್ವಿಚ್ ತಿರುಗಿಸಿ 3, 4.5, 6, 7.5, 9, 12 ವೋಲ್ಟ್ ಆರಿಸಿಕೊಳ್ಳುವ ಹಳೆಯ ಅಡಾಪ್ಟರುಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಮತ್ತು ಅಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆ ಸ್ವಿಚ್ ಟ್ರಾನ್ಸ್‌ಫಾರ್ಮರಿನ ಸುರುಳಿಯ ಬೇರೆ ಬೇರೆ ಹಂತಗಳನ್ನು ಆರಿಸುತ್ತದೆಯೇ ಹೊರತು ವೋಲ್ಟೇಜನ್ನು ನಿಯಂತ್ರಿಸುವುದಿಲ್ಲ. 3 ವೋಲ್ಟಿನಲ್ಲಿ ಇಟ್ಟಾಗ ಖಾಲಿ ತುದಿಯಲ್ಲಿ 5 ವೋಲ್ಟಿಗೂ ಹೆಚ್ಚು ಇರಬಹುದು. ಎರಡು ಸೆಲ್ಲುಗಳ, ತೀರ ಕಡಿಮೆ ಕರೆಂಟ್ ಬಳಸುವ ಗಡಿಯಾರವನ್ನೋ ಕ್ಯಾಲ್ಕುಲೇಟರನ್ನೋ ಇವುಗಳಿಗೆ ಜೋಡಿಸಬಾರದು.

ಪ್ರಶ್ನೆ: ಹೆಚ್ಚುವರಿ ವೋಲ್ಟೇಜನ್ನು ಇಳಿಸಲು ಸಾಲಿನಲ್ಲಿ ಒಂದು ರೆಸಿಸ್ಟರ್ ಅಥವಾ ಕೆಲವು ಡಯೋಡುಗಳನ್ನು ಹಾಕಿದರೆ ಸಾಕೇ? ಅಥವಾ ರೆಗ್ಯುಲೇಟರ್ ಐ.ಸಿ.ಯೇ ಬೇಕೇ?

ಉತ್ತರ: ರೆಸಿಸ್ಟರ್ ಸಾಲದು. ಅದು ಇಳಿಸುವ ವೋಲ್ಟೇಜ್ ಹರಿಯುವ ಕರೆಂಟಿನ ಮೇಲೆ ನಿಂತಿರುತ್ತದೆ. ರೇಡಿಯೊದ ಧ್ವನಿ ಹೆಚ್ಚಿಸಿದಾಗ ಅದು ಬೇಡದಷ್ಟು ಇಳಿಸುತ್ತದೆ, ಧ್ವನಿ ತಗ್ಗಿಸಿದಾಗ ಏನನ್ನೂ ಇಳಿಸುವುದಿಲ್ಲ. ನಿಜವಾಗಿ ನೋಡಿದರೆ ಟ್ರಾನ್ಸ್‌ಫಾರ್ಮರಿನೊಳಗೆ ಈಗಾಗಲೇ ಇರುವ ದೋಷಕ್ಕೆ ನೀವು ಹೊರಗಿನಿಂದ ಇನ್ನಷ್ಟು ಸೇರಿಸಿದಂತಾಗುತ್ತದೆ. ಡಯೋಡುಗಳು ಅದಕ್ಕಿಂತ ಮೇಲು. ಕರೆಂಟ್ ಹರಿಯುತ್ತಿರುವಾಗ ಒಂದೊಂದೂ ಸುಮಾರು 0.7 ವೋಲ್ಟನ್ನು ಹೆಚ್ಚುಕಡಿಮೆ ಸ್ಥಿರವಾಗಿ ಇಳಿಸುತ್ತದೆ. ಒಂದೆರಡು ವೋಲ್ಟ್ ಇಳಿಸಬೇಕಾದಾಗ ಅವನ್ನು ಬಳಸಬಹುದು, ಆದರೆ ಮೈನ್ಸಿನ ಏರಿಳಿತವನ್ನು ಅವು ತಡೆಯುವುದಿಲ್ಲ.

ರೆಗ್ಯುಲೇಟರ್ ಐ.ಸಿ.ಯೇ ಸರಿಯಾದ ದಾರಿ. 78 ಸರಣಿಯ 7805, 7809, 7812 ಎಂಬ ಮೂರು ಕಾಲಿನ ಐ.ಸಿ.ಗಳು ಕ್ರಮವಾಗಿ 5, 9 ಮತ್ತು 12 ವೋಲ್ಟ್ ಕೊಡುತ್ತವೆ, 35 ವೋಲ್ಟಿನವರೆಗೆ ಇನ್‌ಪುಟ್ ತಾಳುತ್ತವೆ. ಇನ್‌ಪುಟ್ ಬದಿಯಲ್ಲಿ 0.33 ಮೈಕ್ರೊಫ್ಯಾರಡ್, ಔಟ್‌ಪುಟ್ ಬದಿಯಲ್ಲಿ 0.1 ಮೈಕ್ರೊಫ್ಯಾರಡ್ ಕೆಪಾಸಿಟರುಗಳನ್ನು ಐ.ಸಿ.ಗೆ ಹತ್ತಿರದಲ್ಲೇ ಬೆಸೆಯಬೇಕು.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಈ ಐ.ಸಿ.ಗಳು ಕೆಲಸ ಮಾಡಬೇಕಾದರೆ ಇನ್‌ಪುಟ್ ಯಾವ ಕ್ಷಣದಲ್ಲೂ ಔಟ್‌ಪುಟ್ಟಿಗಿಂತ ಸುಮಾರು 2 ವೋಲ್ಟ್ ಮೇಲಿರಬೇಕು. ‘ಯಾವ ಕ್ಷಣದಲ್ಲೂ’ ಎಂಬುದು ಮುಖ್ಯ, ಏಕೆಂದರೆ ಅಡಾಪ್ಟರಿನ ಡಿ.ಸಿ. ಸಪಾಟಾಗಿರುವುದಿಲ್ಲ. 50 ಹರ್ಟ್ಸ್ ಮೈನ್ಸಿನಲ್ಲಿ ಬ್ರಿಡ್ಜ್ ಕೆಪಾಸಿಟರನ್ನು ಸೆಕೆಂಡಿಗೆ 100 ಸಲ, ಅಂದರೆ 10 ಮಿಲಿಸೆಕೆಂಡಿಗೊಮ್ಮೆ ತುಂಬಿಸುತ್ತದೆ. ನಡುವಿನ ಹೊತ್ತಿನಲ್ಲಿ ಅದು ಖಾಲಿಯಾಗುತ್ತಿರುತ್ತದೆ. ಕರೆಂಟನ್ನು ಈ ಅವಧಿಯಿಂದ ಗುಣಿಸಿ ಕೆಪಾಸಿಟರಿನ ಮೌಲ್ಯದಿಂದ ಭಾಗಿಸಿದರೆ ಇಳಿತದ ಅಂದಾಜು ಸಿಗುತ್ತದೆ. 500 ಮಿಲಿಆಂಪಿಯರ್ ಮತ್ತು 1000 ಮೈಕ್ರೊಫ್ಯಾರಡಿಗೆ ಅದು 5 ವೋಲ್ಟ್. ತುಂಬುವುದಕ್ಕೂ ಒಂದಿಷ್ಟು ಹೊತ್ತು ಹಿಡಿಯುವುದರಿಂದ ವಾಸ್ತವದಲ್ಲಿ ಸುಮಾರು ಮೂರೂವರೆ ವೋಲ್ಟ್ ಎನ್ನಬಹುದು. ಅಂದರೆ ಮೀಟರ್ ಸರಾಸರಿಯಾಗಿ 9 ವೋಲ್ಟ್ ತೋರಿಸುತ್ತಿರುವಾಗ ನಿಜವಾದ ವೋಲ್ಟೇಜ್ 10.7 ಮತ್ತು 7.2ರ ನಡುವೆ ಓಲಾಡುತ್ತಿರುತ್ತದೆ. ‘9 ವೋಲ್ಟ್ 500 ಮಿಲಿಆಂಪಿಯರ್’ ಅಡಾಪ್ಟರಿಗೆ 7809 ಹಾಕಿ 500 ಮಿಲಿಆಂಪಿಯರ್ ಪಡೆಯಲು ಸಾಧ್ಯವಿಲ್ಲದ್ದು ಈ ಕಾರಣಕ್ಕೆ. ಮೈನ್ಸ್ ಕುಸಿದಾಗಲೂ ನಡೆಯಬೇಕೆಂದರೆ ಅದರಿಂದ 100 ಮಿಲಿಆಂಪಿಯರಿನಷ್ಟನ್ನು ಮಾತ್ರ ನಿರೀಕ್ಷಿಸಬೇಕು. ಮೊದಲ ಪ್ರಶ್ನೆಯ ರೇಡಿಯೊಗೆ ಅಷ್ಟು ಸಾಕಾಗುತ್ತದೆ, ಮತ್ತು ಆ ಓದುಗರಿಗೆ ನನ್ನ ಸಲಹೆಯೂ ಇದೇ.

ಹೆಚ್ಚುವರಿ ವೋಲ್ಟೇಜನ್ನು ಈ ಐ.ಸಿ. ಶಾಖವಾಗಿ ಹೊರಹಾಕುತ್ತದೆ. 13ರಿಂದ 9ಕ್ಕೆ, 80 ಮಿಲಿಆಂಪಿಯರಿನಲ್ಲಿ, ಸುಮಾರು ಮೂರನೇ ಒಂದು ವ್ಯಾಟ್, ಅದಕ್ಕೆ ಹೀಟ್ ಸಿಂಕ್ (ಶಾಖವನ್ನು ಗಾಳಿಗೆ ಚೆಲ್ಲುವ ಲೋಹದ ತುಂಡು) ಬೇಡ. ಆದರೆ 13 ವೋಲ್ಟನ್ನು 7805ರಿಂದ 5ಕ್ಕೆ ಇಳಿಸಿ 500 ಮಿಲಿಆಂಪಿಯರ್ ಎಳೆಯಹೊರಟರೆ 4 ವ್ಯಾಟ್ ಶಾಖ ಹುಟ್ಟುತ್ತದೆ, ಅದಕ್ಕೆ ದೊಡ್ಡ ಹೀಟ್ ಸಿಂಕೇ ಬೇಕು. ಅಂಥ ಕಡೆ ಎಲ್‌ಎಂ2596 ಐ.ಸಿ.ಯ ಸಿದ್ಧ ಮಾಡ್ಯೂಲ್ ಬಳಸುವುದು ಮೇಲು. ಅದು 40 ವೋಲ್ಟಿನವರೆಗಿನ ಇನ್‌ಪುಟ್ಟನ್ನು ಕಡಿಮೆ ನಷ್ಟದಲ್ಲಿ ಇಳಿಸುತ್ತದೆ. ಅದರ ತಿರುಪನ್ನು ಮೊದಲು ಸರಿಹೊಂದಿಸಿ, ವೋಲ್ಟೇಜ್ ಅಳೆದು ನೋಡಿದ ಮೇಲೆಯೇ ಉಪಕರಣವನ್ನು ಜೋಡಿಸಬೇಕು.

ಪ್ರಶ್ನೆ: ನನ್ನಲ್ಲಿಯೂ ಅಂಥದೇ 9 ವೋಲ್ಟಿನ ಹಳೆಯ ಅಡಾಪ್ಟರ್ ಇದೆ. ಖಾಲಿ ಅಳೆದರೆ 8.6 ವೋಲ್ಟ್ ತೋರಿಸುತ್ತದೆ, ಲೇಬಲ್ಲಿಗೆ ಬಹುಮಟ್ಟಿಗೆ ಸರಿಯಾಗಿದೆ. ಆದರೂ ರೇಡಿಯೊದಲ್ಲಿ ಜೋರಾದ ಗುಂಯ್ ಸದ್ದು. ದೋಷ ರೇಡಿಯೊದ್ದೇ?

ಉತ್ತರ: ದೋಷ ಅಡಾಪ್ಟರಿನದು, ಮತ್ತು ಅದರ ಸುಳಿವು ನಿಮಗೆ ಸರಿಯೆನಿಸಿದ ಆ 8.6ರಲ್ಲಿಯೇ ಇದೆ. ಈ ಬಗೆಯ ಆರೋಗ್ಯವಂತ ಅಡಾಪ್ಟರ್ ಖಾಲಿ ಇರುವಾಗ ಲೇಬಲ್ಲಿಗಿಂತ ಸಾಕಷ್ಟು ಹೆಚ್ಚು ತೋರಿಸಬೇಕು. ಒಳಗಿನ ಕೆಪಾಸಿಟರ್ ವರ್ಷಗಳ ಶಾಖಕ್ಕೆ ಒಣಗಿ ಕೆಲಸ ನಿಲ್ಲಿಸಿದರೆ ಅಲೆಯ ತುದಿಯನ್ನು ಹಿಡಿದಿಡುವವರಿಲ್ಲದೆ ಮೀಟರ್ ಅಲೆಯ ಸರಾಸರಿಯನ್ನು ತೋರಿಸುತ್ತದೆ. ಅದು ಆರ್‌.ಎಂ.ಎಸ್. ಮೌಲ್ಯದ 0.9 ಪಟ್ಟು. ಮೊದಲ ಪ್ರಶ್ನೆಯ ಅಡಾಪ್ಟರಿನಲ್ಲಿ ಕಂಡ 10.7 ವೋಲ್ಟ್ ಎ.ಸಿ.ಗೆ ಅದು ಸುಮಾರು 9.6, ಡಯೋಡುಗಳ ಪಾಲು ಕಳೆದರೆ ಎಂಟೂವರೆ ವೋಲ್ಟಿನ ಆಸುಪಾಸು. ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವ ಈ ವಿದ್ಯುತ್ತೇ ರೇಡಿಯೊದಲ್ಲಿ ಗುಂಯ್ ಎನ್ನುತ್ತಿದೆ. ಅಡಾಪ್ಟರಿನ ಪೆಟ್ಟಿಗೆಯನ್ನು ಸೀಲ್ ಮಾಡಿರುತ್ತಾರೆ, ಒಳಗೆ ಮೈನ್ಸ್ ಇರುತ್ತದೆ. ಆದ್ದರಿಂದ ಅದನ್ನು ಸೀಳಿ ತೆರೆಯುವ ಬದಲು ಹೊಸದನ್ನು ಕೊಳ್ಳಬೇಕೆಂದೇ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಅಡಾಪ್ಟರ್ ಯಾವ ಬಗೆಯದೆಂದು ತೆರೆಯದೆ ತಿಳಿಯುವುದು ಹೇಗೆ?

ಉತ್ತರ: ಲೇಬಲ್ಲಿನಲ್ಲಿ ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದು ಕೈಗೆ ಹಗುರವಾಗಿದ್ದರೆ ಅದು ಸ್ವಿಚಿಂಗ್ ಮಾದರಿಯದು (ವಿದ್ಯುತ್ತನ್ನು ಅತಿ ವೇಗವಾಗಿ ಕಡಿದು ಕೂಡಿಸಿ ವೋಲ್ಟೇಜ್ ಇಳಿಸುವಂಥದು). ಅವು ಸಾಮಾನ್ಯವಾಗಿ ರೆಗ್ಯುಲೇಟೆಡ್ ಆಗಿರುತ್ತವೆ. ‘230 ವೋಲ್ಟ್, 50 ಹರ್ಟ್ಸ್’ ಎಂದು ಒಂದೇ ವೋಲ್ಟೇಜ್ ಇದ್ದು, ಗಾತ್ರಕ್ಕೆ ಮೀರಿದ ಭಾರವಿದ್ದರೆ ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇದೆ. ಭಾರವಿದ್ದೂ ಒಳಗೆ ರೆಗ್ಯುಲೇಟರ್ ಇರುವ ಅಡಾಪ್ಟರುಗಳೂ ಉಂಟು, ಹಾಗಾಗಿ ಖಾಲಿ ಇರುವಾಗ ಒಮ್ಮೆ, ಲೋಡಿನೊಂದಿಗೆ ಒಮ್ಮೆ ಅಳೆಯುವುದೇ ಕೊನೆಯ ಮಾತು. ಎರಡೂ ಅಳತೆಗಳು ಲೇಬಲ್ಲಿಗೆ ಹತ್ತಿರವಿದ್ದರೆ ರೆಗ್ಯುಲೇಟೆಡ್. ಔಟ್‌ಪುಟ್ ವೋಲ್ಟಿನ ಪಕ್ಕದ ಗುರುತನ್ನೂ ನೋಡಿ. ಒಂದು ನೇರ ಗೆರೆ, ಅದರ ಕೆಳಗೆ ತುಂಡು ಗೆರೆಗಳಿದ್ದರೆ ಡಿ.ಸಿ., ಅಲೆಯ ಗುರುತಿದ್ದರೆ ಎ.ಸಿ. ಎ.ಸಿ. ಔಟ್‌ಪುಟ್ಟಿನ ಅಡಾಪ್ಟರನ್ನು ಡಿ.ಸಿ. ಶ್ರೇಣಿಯಲ್ಲಿ ಅಳೆದರೆ ಮೀಟರ್ ಸೊನ್ನೆ ತೋರಿಸುತ್ತದೆ, ಅದನ್ನು ನೋಡಿ ಕೆಟ್ಟಿದೆಯೆಂದು ಎಸೆಯಬೇಡಿ. ಪಿನ್ನಿನ ನಡುವೆ ಧನವೋ ಋಣವೋ ಎಂಬುದನ್ನು ಪ್ರತಿ ಸಲವೂ ಖಚಿತಪಡಿಸಿಕೊಳ್ಳಿ. ಗಿಟಾರಿನ ಪೆಡಲುಗಳಲ್ಲಿ ಸಾಮಾನ್ಯವಾಗಿ ನಡುವೆ ಋಣವಿರುತ್ತದೆ, ಬೇರೆ ಬಹುತೇಕ ಉಪಕರಣಗಳಲ್ಲಿ ಧನ.

ಪ್ರಶ್ನೆ: ಏನನ್ನೂ ಜೋಡಿಸದಿದ್ದರೂ ಅಡಾಪ್ಟರ್ ಬೆಚ್ಚಗಿರುತ್ತದೆ. ಇದು ಸಹಜವೇ? ಇನ್ನೊಂದು ಅಡಾಪ್ಟರ್ ಒಮ್ಮೆ ತುದಿಯ ತಂತಿಗಳು ಒಂದಕ್ಕೊಂದು ತಾಗಿದ ಮೇಲೆ ಪೂರ್ತಿ ನಿಂತುಹೋಯಿತು, ಅದನ್ನು ಸರಿಪಡಿಸಬಹುದೇ?

ಉತ್ತರ: ಬೆಚ್ಚಗಿರುವುದು ಸಹಜ. ಸಾಕೆಟ್ಟಿನಲ್ಲಿ ಇರುವಷ್ಟು ಹೊತ್ತೂ ಮೊದಲ ಸುರುಳಿಯಲ್ಲಿ ಕರೆಂಟ್ ಹರಿಯುತ್ತ ಕಬ್ಬಿಣದ ತಿರುಳನ್ನು ಕಾಂತೀಯಗೊಳಿಸುತ್ತಿರುತ್ತದೆ. ಅದರ ನಷ್ಟ 2 ವ್ಯಾಟ್ ಎಂದುಕೊಂಡರೂ ವರ್ಷವಿಡೀ ಬಿಟ್ಟರೆ 17 ಯೂನಿಟ್ಟಿಗೂ ಹೆಚ್ಚು ವಿದ್ಯುತ್ ಯಾರಿಗೂ ಉಪಯೋಗವಿಲ್ಲದೆ ಹೋಗುತ್ತದೆ. 2016ರಿಂದ ಅಮೆರಿಕದಲ್ಲಿ ಜಾರಿಯಿರುವ ನಿಯಮ ಚಿಕ್ಕ ಅಡಾಪ್ಟರುಗಳ ಖಾಲಿ ಬಳಕೆಯನ್ನು 0.1 ವ್ಯಾಟಿಗೆ ಮಿತಗೊಳಿಸಿದೆ. ಕಬ್ಬಿಣದ ತಿರುಳಿನ ಅಗ್ಗದ ಟ್ರಾನ್ಸ್‌ಫಾರ್ಮರ್ ಆ ಮಿತಿಯೊಳಗೆ ಬರುವುದು ಬಹಳ ಕಷ್ಟ. ಬಳಸದಿರುವಾಗ ಸಾಕೆಟ್ಟಿನಿಂದ ತೆಗೆದಿಡಿ. ಮುಟ್ಟಲಾಗದಷ್ಟು ಬಿಸಿಯಾದರೆ ಅಥವಾ ಸುಟ್ಟ ವಾಸನೆ ಬಂದರೆ ಮತ್ತೆ ಬಳಸಬೇಡಿ.

ನಿಂತುಹೋದ ಅಡಾಪ್ಟರಿನಲ್ಲಿ ಬಹುಶಃ ಮೊದಲ ಸುರುಳಿಯೊಂದಿಗೆ ಹುದುಗಿಸಿದ ಥರ್ಮಲ್ ಫ್ಯೂಸ್ ಹೋಗಿದೆ. ಸುರುಳಿ ಅತಿಯಾಗಿ ಕಾಯ್ದಾಗ ಅದು ಒಮ್ಮೆ ಕಡಿದುಕೊಂಡರೆ ಮತ್ತೆ ಕೂಡುವುದಿಲ್ಲ. ಅಡಾಪ್ಟರನ್ನು ಸಾಕೆಟ್ಟಿನಿಂದ ತೆಗೆದು, ಮೈನ್ಸಿನ ಎರಡು ಪಿನ್ನುಗಳ ನಡುವೆ ಓಮ್ ಶ್ರೇಣಿಯಲ್ಲಿ ಅಳೆಯಿರಿ. ಒಳ್ಳೆಯ ಸ್ಥಿತಿಯ ಸುರುಳಿ ಕೆಲವು ನೂರರಿಂದ ಕೆಲವು ಸಾವಿರ ಓಮ್ ತೋರಿಸುತ್ತದೆ, ಫ್ಯೂಸ್ ಹೋಗಿದ್ದರೆ ಮಾರ್ಗ ಪೂರ್ತಿ ಕಡಿದಿರುತ್ತದೆ. ಆ ಫ್ಯೂಸನ್ನು ತಪ್ಪಿಸಿ ತಂತಿಯನ್ನು ನೇರವಾಗಿ ಬೆಸೆದು ಅಡಾಪ್ಟರನ್ನು ಬದುಕಿಸುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಹಾಗೆ ಮಾಡಿದರೆ ಮುಂದಿನ ಸಲ ತಂತಿಗಳು ತಾಗಿದಾಗ ಸುರುಳಿ ಹೊತ್ತಿಕೊಳ್ಳದಂತೆ ತಡೆಯುವ ಏಕೈಕ ರಕ್ಷಣೆಯನ್ನು ನೀವೇ ತೆಗೆದುಹಾಕಿದಂತಾಗುತ್ತದೆ. ಆ ಅಡಾಪ್ಟರನ್ನು ಇ-ತ್ಯಾಜ್ಯಕ್ಕೆ ಕೊಟ್ಟುಬಿಡಿ.